ಪ್ರೆಷರ್ ಸ್ವಿಚ್ ಬದಲಿಸುವ ಮೊದಲು ಗೇಜ್ ಹಾಕಿ

ಮಾನ್ಯ ಸಂಪಾದಕರೇ,

ಕಾರಿನ ಎಸಿ ಹಾಕಿದರೆ ಗಾಳಿ ಬರುತ್ತದೆ, ತಂಪು ಬರುವುದಿಲ್ಲ. ಬಾನೆಟ್ ಎತ್ತಿ ನೋಡಿದರೆ ಕಂಪ್ರೆಸರ್ ಕ್ಲಚ್ (ಇಂಜಿನ್ನಿನ ಬೆಲ್ಟಿಗೆ ಎಸಿ ಕಂಪ್ರೆಸರನ್ನು ಜೋಡಿಸುವ ಭಾಗ) ಹಿಡಿಯುತ್ತಿಲ್ಲ. ಗ್ಯಾಸಿನ ಒತ್ತಡ ನೋಡಿ ಕಂಪ್ರೆಸರಿಗೆ ಕರೆಂಟು ಬಿಡುವ ಪ್ರೆಷರ್ ಸ್ವಿಚ್ಚಿನ ಕನೆಕ್ಟರ್ ಬಿಚ್ಚಿ ಅದರ ಎರಡು ಪಿನ್ನುಗಳಿಗೆ ಒಂದು ತುಂಡು ವೈರ್ ಸಿಕ್ಕಿಸಿದ ಕೂಡಲೇ ಟಕ್ಕೆಂದು ಕ್ಲಚ್ ಹಿಡಿಯುತ್ತದೆ. ‘ಸ್ವಿಚ್ ಹೋಗಿದೆ’ ಎಂಬ ತೀರ್ಮಾನ ಅಲ್ಲೇ ಆಗಿಬಿಡುತ್ತದೆ. ಹೊಸ ಸ್ವಿಚ್ ಬರುತ್ತದೆ, ಜೊತೆಗೆ ಒಂದಿಷ್ಟು ಗ್ಯಾಸ್ ತುಂಬುತ್ತಾರೆ, ಸ್ವಲ್ಪ ಕಾಲ ತಂಪು ಸಿಗುತ್ತದೆ, ಆಮೇಲೆ ಮತ್ತೆ ಮೊದಲಿನಂತೆಯೇ. ಕಾರಿಟ್ಟುಕೊಂಡ ಓದುಗರಿಗೂ ಈ ಕೆಲಸ ಕಲಿಯುತ್ತಿರುವ ಹುಡುಗರಿಗೂ ಉಪಯೋಗವಾಗಲಿ ಎಂದು ಈ ಪತ್ರವನ್ನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಆ ತುಂಡು ವೈರಿನ ಪರೀಕ್ಷೆಯಿಂದ ತಿಳಿಯುವುದು ಇಷ್ಟೇ: ಸ್ವಿಚ್ಚಿನೊಳಗಿನ ಸಂಪರ್ಕ ತೆರೆದುಕೊಂಡಿದೆ, ಅಂದರೆ ಕರೆಂಟು ಹಾಯುತ್ತಿಲ್ಲ. ಯಾಕೆ ತೆರೆದುಕೊಂಡಿದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಗ್ಯಾಸ್ ಸೋರಿಹೋಗಿ ಒತ್ತಡ ಇಳಿದಾಗ ತೆರೆದುಕೊಳ್ಳಲೆಂದೇ ಆ ಸ್ವಿಚ್ಚನ್ನು ಅಲ್ಲಿಟ್ಟಿರುವುದು. ಒತ್ತಡ ಅಳೆಯದೆ ಸ್ವಿಚ್ ಬದಲಿಸುವುದೆಂದರೆ ಜ್ವರ ಬಂದವನ ಥರ್ಮಾಮೀಟರ್ ಬದಲಿಸಿದಂತೆ. ನಿಜವಾಗಿ ಕೆಟ್ಟ ಸ್ವಿಚ್ಚುಗಳು ಇಲ್ಲವೆಂದಲ್ಲ, ಇವೆ. ಆದರೆ ಒತ್ತಡ ಅಳೆಯುವ ಗೇಜ್ ಹಾಕುವ ಮೊದಲೇ ಅದರ ಮೇಲೆ ದೂರು ಹೊರಿಸಬಾರದು.

ಸ್ವಿಚ್ಚುಗಳಲ್ಲಿ ಹಲವು ಬಗೆ. ತೀರಾ ಸರಳವಾದದ್ದು ಎರಡು ಪಿನ್ನಿನದು. ಒತ್ತಡ (ಅದರ ಅಳತೆ ಬಾರ್ ಅಥವಾ ಪಿಎಸ್‌ಐ) ಸುಮಾರು 2 ಬಾರ್, ಅಂದರೆ 28–30 ಪಿಎಸ್‌ಐಗಿಂತ ಕೆಳಗಿಳಿದರೂ, 27ರಿಂದ 32 ಬಾರ್‌ವರೆಗೆ ಏರಿದರೂ ಅದು ಕಂಪ್ರೆಸರ್‌ಗೆ ಹೋಗುವ ಕರೆಂಟನ್ನು ತಡೆಯುತ್ತದೆ. ನಾಲ್ಕು ಪಿನ್ನಿನದರಲ್ಲಿ ಇನ್ನೊಂದು ಜೋಡಿ ಸಂಪರ್ಕ ಇರುತ್ತದೆ; ಒತ್ತಡ ಸುಮಾರು 15 ಬಾರ್ ದಾಟಿದಾಗ ಅದು ಕಂಡೆನ್ಸರ್ (ರೇಡಿಯೇಟರ್ ಮುಂದಿದ್ದು ಬಿಸಿ ಗ್ಯಾಸನ್ನು ತಣಿಸುವ ಜಾಲರಿ) ಫ್ಯಾನನ್ನು ಜೋರು ಮಾಡುತ್ತದೆ. ಎಕ್ಸ್‌ಪಾನ್ಶನ್ ವಾಲ್ವ್ (ಕೂಲಿಂಗ್ ಕಾಯಿಲಿಗೆ ಗ್ಯಾಸನ್ನು ಅಳೆದು ಬಿಡುವ ಕವಾಟ) ಬದಲು ಸಣ್ಣ ರಂಧ್ರದ ಟ್ಯೂಬ್ ಇರುವ ಕಾರುಗಳಲ್ಲಿ ಅಕ್ಯುಮುಲೇಟರ್ (ದ್ರವ ಕಂಪ್ರೆಸರಿಗೆ ಹೋಗದಂತೆ ತಡೆದಿಡುವ ಡಬ್ಬಿ) ಮೇಲೆ ಒಂದು ಸೈಕ್ಲಿಂಗ್ ಸ್ವಿಚ್ ಇರುತ್ತದೆ. ಅದು ಸುಮಾರು 22–25 ಪಿಎಸ್‌ಐನಲ್ಲಿ ಬಿಟ್ಟು, 42–47ರಲ್ಲಿ ಮತ್ತೆ ಹಿಡಿಯುತ್ತದೆ. ಹೊಸ ಕಾರುಗಳಲ್ಲಿ ಬಹುಪಾಲು ಮೂರು ಪಿನ್ನಿನ ಸೆನ್ಸರ್. ಅದು ಸ್ವಿಚ್ಚೇ ಅಲ್ಲ, ಒತ್ತಡವನ್ನು ವೋಲ್ಟೇಜಾಗಿ ಇಸಿಯುಗೆ (ಕಾರಿನ ಕಂಪ್ಯೂಟರಿಗೆ) ತಿಳಿಸುವ ಸಾಧನ. ಇನ್ನೊಂದು ಮಾತು: ಕಡಿಮೆ ಒತ್ತಡಕ್ಕೆ ತೆರೆದುಕೊಳ್ಳುವ ಸ್ವಿಚ್ ಕಡಿಮೆ ಒತ್ತಡದ ದಪ್ಪ ಪೈಪಿನಲ್ಲೇ ಇರಬೇಕೆಂದಿಲ್ಲ. ಹೆಚ್ಚಿನ ಕಾರುಗಳಲ್ಲಿ ಅದು ಕಂಡೆನ್ಸರ್‌ನಿಂದ ಬರುವ, ಹೆಚ್ಚಿನ ಒತ್ತಡದ ಸಣ್ಣ ಪೈಪಿನ ಮೇಲೆ ಅಥವಾ ಡ್ರೈಯರ್ (ತೇವ ಹೀರುವ ಡಬ್ಬಿ) ಮೇಲೆಯೇ ಕುಳಿತಿರುತ್ತದೆ.

ಈಗ ಗೇಜ್. ಇಂಜಿನ್ ಆರಿಸಿ ಕೆಲವು ಗಂಟೆ ಕಳೆದಿರಬೇಕು, ಬಾನೆಟ್ ಒಳಗಿನ ಬಿಸಿ ಪೂರ್ತಿ ಇಳಿದಿರಬೇಕು. ಆಗ ದಪ್ಪ ಪೈಪಿನ ಕಡೆಯ, ಸಣ್ಣ ಪೈಪಿನ ಕಡೆಯ ಎರಡೂ ಮುಳ್ಳುಗಳು ಒಂದೇ ಅಂಕಿ ತೋರಿಸುತ್ತವೆ. ಆರ್-134ಎ ಗ್ಯಾಸಿನ ಕಾರಾದರೆ ಹೊರಗಿನ ತಾಪ 25 ಡಿಗ್ರಿ ಇದ್ದಾಗ ಸುಮಾರು 80 ಪಿಎಸ್‌ಐ, 30 ಡಿಗ್ರಿಯಲ್ಲಿ 97ರ ಆಸುಪಾಸು, 35ರಲ್ಲಿ 114ರ ಹತ್ತಿರ ಇರಬೇಕು. 30 ಡಿಗ್ರಿ ಬಿಸಿಲಲ್ಲಿ ಗೇಜ್ 20 ತೋರಿಸಿದರೆ ಗ್ಯಾಸ್ ಖಾಲಿಯಾಗಿದೆ, ಸ್ವಿಚ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಅದೇ ಗೇಜ್ 95 ತೋರಿಸುತ್ತಿದ್ದು, ಕಂಪ್ರೆಸರ್ ಸರ್ಕ್ಯೂಟಿನ ಎರಡು ಪಿನ್ನುಗಳ ನಡುವೆ ಮಲ್ಟಿಮೀಟರ್ ಸಂಪರ್ಕವೇ ಇಲ್ಲವೆಂದರೆ ಆಗ ಮಾತ್ರ ಸ್ವಿಚ್ ಕೆಟ್ಟಿದೆ ಎನ್ನಬಹುದು. ಸರಿಯಿರುವ ಸ್ವಿಚ್ಚಿನಲ್ಲಿ ರೋಧ ಒಂದು ಓಮ್‌ಗಿಂತ ಕಡಿಮೆಯೇ. ನಾಲ್ಕು ಪಿನ್ನಿನದರಲ್ಲಿ ಎಚ್ಚರ ಬೇಕು: ಫ್ಯಾನಿನ ಜೋಡಿ ಸಾಮಾನ್ಯವಾಗಿ ಸುಮ್ಮನಿದ್ದಾಗ ತೆರೆದೇ ಇರುತ್ತದೆ. ವೈರಿಂಗ್ ನಕ್ಷೆ ನೋಡದೆ ತಪ್ಪು ಜೋಡಿಗೆ ಮೀಟರ್ ಹಿಡಿದು ಒಳ್ಳೆಯ ಸ್ವಿಚ್ಚನ್ನು ಕಸಕ್ಕೆ ಎಸೆಯುವುದು ಇಲ್ಲಿಯೇ.

ಈ ನಿಂತ ಒತ್ತಡದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಹಬ್ಬಿದೆ. ಗೇಜ್ 95 ತೋರಿಸಿದರೆ ಗ್ಯಾಸ್ ಪೂರ್ತಿ ಇದೆ ಎಂದುಕೊಳ್ಳುತ್ತಾರೆ. ಹಾಗಲ್ಲ. ಒಳಗೆ ದ್ರವರೂಪದ ಗ್ಯಾಸ್ ಸ್ವಲ್ಪ ಉಳಿದಿದ್ದರೂ ಒತ್ತಡ ಆ ತಾಪಕ್ಕೆ ತಕ್ಕಷ್ಟೇ ಇರುತ್ತದೆ. 500 ಗ್ರಾಂ ಇದ್ದರೂ ಅಷ್ಟೇ, 250 ಗ್ರಾಂ ಇದ್ದರೂ ಅಷ್ಟೇ. ದ್ರವ ಮುಗಿದು ಬರೀ ಆವಿ ಉಳಿದ ಮೇಲೆಯೇ ಮುಳ್ಳು ಕೆಳಗಿಳಿಯುವುದು. ಆದ್ದರಿಂದ ನಿಂತ ಒತ್ತಡ ತೀರಾ ಕಡಿಮೆ ಇದ್ದರೆ ಅದು ಖಚಿತ ಸಾಕ್ಷಿ. ಸರಿಯಾಗಿ ಕಂಡರೆ ಸ್ವಿಚ್ ಮುಚ್ಚಿಕೊಳ್ಳಲು ಬೇಕಾದಷ್ಟು ಒತ್ತಡ ಇದೆ ಎಂದು ಮಾತ್ರ ಅರ್ಥ. ಎಷ್ಟಿದೆ ಎಂದು ತಿಳಿಯಲು ಗ್ಯಾಸನ್ನು ಯಂತ್ರಕ್ಕೆ ಎಳೆದುಕೊಂಡು ತೂಗಬೇಕು, ಬೇರೆ ದಾರಿಯಿಲ್ಲ. ಹೊರಗೆ ಸೊನ್ನೆ ಡಿಗ್ರಿ ಇದ್ದಾಗ ಆರ್-134ಎ ಒತ್ತಡ ಸುಮಾರು 28 ಪಿಎಸ್‌ಐಗೆ ಇಳಿದಿರುತ್ತದೆ. ಕೊರೆಯುವ ಚಳಿಯಲ್ಲಿ ಕಂಪ್ರೆಸರ್ ಹಿಡಿಯದಿರುವುದು ಇದರಿಂದಲೇ, ಅದು ದೋಷವಲ್ಲ.

ತುಂಡು ವೈರ್ ಹಾಕಿಯೇ ಕಾರು ಓಡಿಸುವವರೂ ಇದ್ದಾರೆ. ದಯವಿಟ್ಟು ಬೇಡ. ಕಂಪ್ರೆಸರ್‌ಗೆ ಇಂಜಿನ್ ಆಯಿಲ್ ಹೋಗುವುದಿಲ್ಲ, ಅದರ ಎಣ್ಣೆ ಗ್ಯಾಸಿನ ಜೊತೆಗೇ ಪೈಪುಗಳಲ್ಲಿ ಸುತ್ತಿ ಹಿಂದಿರುಗಬೇಕು. ಗ್ಯಾಸ್ ಕಡಿಮೆಯಾದರೆ ಎಣ್ಣೆ ಕೂಲಿಂಗ್ ಕಾಯಿಲಿನಲ್ಲೇ ಉಳಿದುಬಿಡುತ್ತದೆ, ಕಂಪ್ರೆಸರ್ ಒಣಗಿ ಉಜ್ಜಿಕೊಳ್ಳುತ್ತದೆ. ಉಜ್ಜಿದ ಲೋಹದ ಪುಡಿ ಕಂಡೆನ್ಸರ್‌ನ ಸಣ್ಣ ನಾಳಗಳಿಗೂ ಎಕ್ಸ್‌ಪಾನ್ಶನ್ ವಾಲ್ವಿಗೂ ಹೋಗಿ ಸೇರುತ್ತದೆ. ಸ್ವಿಚ್ಚಿಗೆ ಮುಗಿಯಬೇಕಾದ ಖರ್ಚು ಕಂಪ್ರೆಸರ್, ಕಂಡೆನ್ಸರ್, ಡ್ರೈಯರ್ ಮೂರಕ್ಕೂ ಹಬ್ಬುತ್ತದೆ. ಹೆಚ್ಚಿನ ಒತ್ತಡಕ್ಕೆ ತೆರೆದುಕೊಂಡ ಸ್ವಿಚ್ಚನ್ನು ಹೀಗೆ ಬೈಪಾಸ್ ಮಾಡುವುದಂತೂ ಇನ್ನೂ ಅಪಾಯ. ಒತ್ತಡ ಏರುತ್ತಲೇ ಹೋಗಿ ಕಂಪ್ರೆಸರ್‌ನ ಸುರಕ್ಷತಾ ವಾಲ್ವ್ ತೆರೆದು ಗ್ಯಾಸೆಲ್ಲ ಹೊರಗೆ ಚಿಮ್ಮಬಹುದು, ಇಲ್ಲವೇ ಹೋಸ್ ಒಡೆಯಬಹುದು. ಪರೀಕ್ಷೆಗೆಂದು ಕೆಲವೇ ಸೆಕೆಂಡು, ಗೇಜ್ ನೋಡುತ್ತ, ಅದೂ ನಿಂತ ಒತ್ತಡ ಸರಿಯಿದ್ದಾಗ ಮಾತ್ರ ವೈರ್ ಹಾಕಬಹುದು.

ಎಸಿ ರಸ್ತೆಯಲ್ಲಿ ಓಡುವಾಗ ತಂಪಾಗಿದ್ದು ಸಿಗ್ನಲ್ಲಿನಲ್ಲಿ ನಿಂತಾಗ ಕೈಕೊಟ್ಟರೆ ನೋಡಬೇಕಾದದ್ದು ಸಣ್ಣ ಪೈಪಿನ ಕಡೆಯ ಗೇಜನ್ನು. ಮುಳ್ಳು ಏರುತ್ತ ಏರುತ್ತ 400 ಪಿಎಸ್‌ಐ ದಾಟಿದ ಮೇಲೆ ಕ್ಲಚ್ ಬಿಟ್ಟರೆ ಸ್ವಿಚ್ಚಿನದೇನೂ ತಪ್ಪಿಲ್ಲ. ಕಾರಣ ಇವುಗಳಲ್ಲಿ ಒಂದು: ಫ್ಯಾನ್ ತಿರುಗುತ್ತಿಲ್ಲ, ಅಥವಾ ನಿಧಾನ ವೇಗದಲ್ಲೇ ಉಳಿದಿದೆ. ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಧೂಳು, ಹುಳು, ಎಲೆ ಮೆತ್ತಿಕೊಂಡಿದೆ. ಗ್ಯಾಸ್ ಅಳತೆ ಮೀರಿ ತುಂಬಿದ್ದಾರೆ. ಇಲ್ಲವೇ ಒಳಗೆ ಗಾಳಿ ಉಳಿದಿದೆ. ಕಂಡೆನ್ಸರ್ ಮೇಲೆ ನೀರು ಚಿಮುಕಿಸಿದ ಕೂಡಲೇ ಒತ್ತಡ ಇಳಿದು ಕ್ಲಚ್ ಮತ್ತೆ ಹಿಡಿದರೆ ದೋಷ ಗಾಳಿ ಹರಿಯುವ ದಾರಿಯಲ್ಲಿದೆ. ಇದೇ ಸಂದರ್ಭದಲ್ಲಿ 200–220ರಲ್ಲೇ ಸ್ವಿಚ್ ಬಿಡುತ್ತಿದೆ ಎಂದು ಮೀಟರ್ ತೋರಿಸಿದರೆ ಆಗ ಅನುಮಾನ ಸ್ವಿಚ್ಚಿನ ಮೇಲೆ.

ಮೂರು ಪಿನ್ನಿನ ಸೆನ್ಸರ್‌ಗೆ ತುಂಡು ವೈರ್ ಎಂದೂ ಹಾಕಬೇಡಿ. ಒಂದು ಪಿನ್ನಿನಲ್ಲಿ 5 ವೋಲ್ಟ್, ಒಂದರಲ್ಲಿ ಅರ್ತ್, ಒಂದರಲ್ಲಿ ಸಿಗ್ನಲ್. 5 ವೋಲ್ಟನ್ನು ಅರ್ತ್‌ಗೆ ಮುಟ್ಟಿಸಿದರೆ ಅದೇ ಸಾಲಿನಲ್ಲಿರುವ ಇಂಜಿನ್‌ನ ಬೇರೆ ಸೆನ್ಸರ್‌ಗಳೂ ಸತ್ತುಹೋಗಿ ಇಂಜಿನ್ನೇ ನಿಂತುಹೋಗಬಹುದು. ಇದನ್ನು ಓಮ್ ಮೀಟರ್‌ನಿಂದ ಪರೀಕ್ಷಿಸುವುದರಲ್ಲೂ ಅರ್ಥವಿಲ್ಲ. ಇಗ್ನಿಷನ್ ಆನ್ ಮಾಡಿ 5 ವೋಲ್ಟ್ ಬರುತ್ತಿದೆಯೇ, ಅರ್ತ್ ಸರಿಯಿದೆಯೇ ನೋಡಿ. ಸಿಗ್ನಲ್ ಸಾಮಾನ್ಯವಾಗಿ 0.5ರಿಂದ 4.5 ವೋಲ್ಟಿನೊಳಗೆ ಇರಬೇಕು. ಕೆಲವು ಕಾರುಗಳಲ್ಲಿ ಸಿಗ್ನಲ್ ಈ ಬಗೆಯ ವೋಲ್ಟೇಜಲ್ಲ, ಪಲ್ಸ್ ರೂಪದಲ್ಲಿ ಹೋಗುತ್ತದೆ. ಅಲ್ಲಿ ಸಾದಾ ಮೀಟರ್ ದಾರಿ ತಪ್ಪಿಸುತ್ತದೆ. ಎಲ್ಲಕ್ಕಿಂತ ಒಳ್ಳೆಯ ವಿಧಾನವೆಂದರೆ ಸ್ಕ್ಯಾನರ್ (ಕಾರಿನ ಕಂಪ್ಯೂಟರನ್ನು ಓದುವ ಸಾಧನ) ತೋರಿಸುವ ಒತ್ತಡವನ್ನು ಗೇಜಿನ ಪಕ್ಕದಲ್ಲಿಟ್ಟು ಹೋಲಿಸುವುದು. ನಿಂತಾಗಲೂ ಓಡುವಾಗಲೂ ಎರಡೂ ಹತ್ತಿರ ಹತ್ತಿರ ಇರಬೇಕು. ಗೇಜ್ 6 ಬಾರ್ ಎನ್ನುವಾಗ ಸ್ಕ್ಯಾನರ್ 1 ಅಥವಾ 30 ಎಂದರೆ ಮೊದಲು ವೈರಿಂಗ್, ಆಮೇಲೆ ಸೆನ್ಸರ್. ಪಿ0530ರಿಂದ ಪಿ0533ರವರೆಗಿನ ದೋಷದ ಕೋಡುಗಳು ಈ ಸರ್ಕ್ಯೂಟಿಗೆ ಸೇರಿದವು. 0532 ಎಂದರೆ ಸಿಗ್ನಲ್ ಕಡಿಮೆ, 0533 ಎಂದರೆ ಹೆಚ್ಚು. ಕೋಡ್ ಬಂದ ಮಾತ್ರಕ್ಕೆ ಸೆನ್ಸರ್ ಕೆಟ್ಟಿದೆ ಎಂದಲ್ಲ. ಹಿಂದಕ್ಕೆ ಸರಿದ ಪಿನ್, ಹಸಿರುಗಟ್ಟಿದ ತಾಮ್ರ, ಇಲಿ ಕಡಿದ ವೈರ್ ಕೂಡ ಅದೇ ಕೋಡ್ ತರುತ್ತವೆ. ಫ್ಯೂಸ್, ರಿಲೇ, ಕ್ಲಚ್ ಕಾಯಿಲ್, ಕೂಲಿಂಗ್ ಕಾಯಿಲಿನ ತಾಪ ನೋಡುವ ಥರ್ಮಿಸ್ಟರ್, ಇವುಗಳನ್ನೂ ಈ ಹಂತದಲ್ಲೇ ನೋಡಿ ಮುಗಿಸಿ. ಕ್ಲಚ್ಚೇ ಇಲ್ಲದ ಕಂಪ್ರೆಸರ್‌ಗಳೂ ಇವೆ. ಅವುಗಳಲ್ಲಿ ಟಕ್ಕೆಂಬ ಸದ್ದಿಗೆ ಕಾಯುತ್ತ ಕೂರುವುದು ವ್ಯರ್ಥ.

ಸ್ವಿಚ್ ನಿಜವಾಗಿ ಕೆಟ್ಟಿದೆ ಎನ್ನಲು ಕಣ್ಣಿಗೆ ಕಾಣುವ ಒಂದು ಗುರುತಿದೆ: ಕನೆಕ್ಟರ್ ಬಿಚ್ಚಿದಾಗ ಒಳಗೆ ಎಣ್ಣೆ. ಒಳಗಿನ ಸೀಲ್ ಬಿರಿದು ಗ್ಯಾಸೂ ಎಣ್ಣೆಯೂ ಪಿನ್ನುಗಳ ಬುಡದಿಂದ ಹೊರಬರುತ್ತಿದೆ ಎಂದರ್ಥ. ಇಂಥ ಕಡೆ ಸ್ವಿಚ್ಚೇ ಸೋರಿಕೆಯ ಮೂಲ. ಲೀಕ್ ಹುಡುಕುವವರು ಪೈಪಿನ ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ, ಕನೆಕ್ಟರ್ ಮಾತ್ರ ಬಿಚ್ಚದೆ ಇದನ್ನು ಕಾಣದೆ ಬಿಡುತ್ತಾರೆ.

ಹೊಸ ಸ್ವಿಚ್ ತರುವಾಗ ಮರೆ (ತಿರುಪಿನ ಥ್ರೆಡ್) ಒಂದೇ ಇದ್ದರೆ ಸಾಲದು. ಎಂ10, ಎಂ12, ಮೂರೆಂಟಾಂಶ ಇಂಚು ಹೀಗೆ ಹಲವು ಮರೆಗಳಿವೆ, ಗಂಡು ಹೆಣ್ಣು ಎರಡೂ ಬಗೆ ಇವೆ. ಮರೆ ಸರಿಯಾಗಿ ಕೂತರೂ ಬಿಡುವ, ಹಿಡಿಯುವ ಒತ್ತಡ ಬೇರೆಯಾಗಿದ್ದರೆ ಎಸಿ ಬೇಕೆಂದಾಗ ಓಡುವುದಿಲ್ಲ, ನಿಲ್ಲಬೇಕಾದಾಗ ನಿಲ್ಲುವುದಿಲ್ಲ. ಕಾರಿನ ಮಾದರಿ, ವರ್ಷ ಮತ್ತು ಹಳೆಯದರ ಮೇಲಿನ ಪಾರ್ಟ್ ನಂಬರ್ ನೋಡಿಯೇ ತನ್ನಿ. ಹಳೆಯ ಕೆಲವು ಕಾರುಗಳಲ್ಲಿ ಕ್ಲಚ್ಚಿನ ಪೂರ್ತಿ 3–4 ಆಂಪಿಯರ್ ಕರೆಂಟು ಸ್ವಿಚ್ಚಿನ ಮೂಲಕವೇ ಹಾಯುತ್ತದೆ. ಅಲ್ಲಿಗೆ ಬರೀ ಸಿಗ್ನಲ್ ಹೊರುವ ಸ್ವಿಚ್ ಹಾಕಿದರೆ ಅದರ ಸಂಪರ್ಕ ಸುಟ್ಟುಹೋಗುತ್ತದೆ.

ಬಿಚ್ಚುವ ಮೊದಲು ಒಂದು ಪ್ರಶ್ನೆಗೆ ಉತ್ತರ ಸಿಗಲೇಬೇಕು: ಸ್ವಿಚ್ಚಿನ ಕೆಳಗೆ ಶ್ರೇಡರ್ ವಾಲ್ವ್ ಇದೆಯೇ? ಟೈರಿನ ಗಾಳಿ ತಡೆಯುವ ಪಿನ್ ಇರುತ್ತದಲ್ಲ, ಅದೇ ಜಾತಿಯದು. ಇದ್ದರೆ ಗ್ಯಾಸ್ ತೆಗೆಯದೆಯೇ ಸ್ವಿಚ್ ಬದಲಿಸಬಹುದು. ಇಲ್ಲದಿದ್ದರೆ ಗ್ಯಾಸ್ ಪೂರ್ತಿ ತೆಗೆಯಲೇಬೇಕು. ಎಷ್ಟೋ ಕಾರುಗಳಲ್ಲಿ ಇದೆ, ಎಷ್ಟೋ ಕಾರುಗಳಲ್ಲಿ ಇಲ್ಲ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಸರ್ವಿಸ್ ಮ್ಯಾನುಯಲ್ಲೇ ಇದಕ್ಕೆ ಆಧಾರ, ‘ಇರುತ್ತೆ ಬಿಡಿ’ ಎಂಬ ಮಾತಲ್ಲ. ಇಲ್ಲದ ಕಡೆ ಸಡಿಲಿಸಿದರೆ ಸ್ವಿಚ್ ಗುಂಡಿನಂತೆ ಹಾರಬಹುದು. ವಾತಾವರಣದ ಒತ್ತಡದಲ್ಲಿ ಆರ್-134ಎ ಕುದಿಯುವುದು ಮೈನಸ್ 26 ಡಿಗ್ರಿಯಲ್ಲಿ. ದ್ರವ ಕೈಗೋ ಕಣ್ಣಿಗೋ ತಾಗಿದರೆ ಅಂಗಾಂಶ ಹೆಪ್ಪುಗಟ್ಟುತ್ತದೆ. ಕನ್ನಡಕ, ಕೈಗವಸು ಎರಡೂ ಕಡ್ಡಾಯ. ಬೆಂಕಿ, ಬೀಡಿ, ಸಿಗರೇಟು ಹತ್ತಿರ ಸುಳಿಯಬಾರದು, ಈ ಗ್ಯಾಸ್ ಜ್ವಾಲೆಗೆ ಸಿಕ್ಕಿದರೆ ವಿಷಾನಿಲವಾಗುತ್ತದೆ.

ವಾಲ್ವ್ ಇದೆ ಎಂದು ಖಚಿತವಾದ ಮೇಲೆಯೂ ಇಂಜಿನ್ ತಣ್ಣಗಿರುವಾಗ, ಆರಿಸಿಟ್ಟೇ ಕೆಲಸ ಮಾಡಿ. ಸುತ್ತಲಿನ ಮಣ್ಣು, ಜಿಡ್ಡನ್ನು ಬ್ರಷ್‌ನಿಂದ ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಅದು ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಅಡಿಗೆ ಸೇರುತ್ತದೆ. ಅಲ್ಯೂಮಿನಿಯಂ ಪೈಪಿನ ಬುಡದ ನಟ್ಟನ್ನು ಒಂದು ಸ್ಪ್ಯಾನರ್‌ನಿಂದ ಹಿಡಿದು, ಇನ್ನೊಂದರಿಂದ ಸ್ವಿಚ್ ತಿರುಗಿಸಿ. ಒಂದೇ ಸ್ಪ್ಯಾನರ್ ಹಾಕಿ ಎಳೆದರೆ ಪೈಪೇ ತಿರುಚಿಕೊಂಡು ಬಿರುಕು ಬಿಡುತ್ತದೆ, ಆಮೇಲೆ ಪೈಪ್ ಹುಡುಕಬೇಕು. ಸಡಿಲಾಗುವಾಗ ಚಿಕ್ಕದೊಂದು ‘ಪುಸ್’ ಬಂದು ನಿಂತರೆ ಸರಿ. ಸದ್ದು ನಿಲ್ಲದೆ ಮುಂದುವರಿದರೆ ವಾಲ್ವ್ ಇಲ್ಲ, ಅಥವಾ ಅದರ ಸೀಲ್ ಹಾಳಾಗಿದೆ. ಕೂಡಲೇ ಮತ್ತೆ ಬಿಗಿಮಾಡಿ ಗ್ಯಾಸ್ ತೆಗೆಯುವ ದಾರಿ ಹಿಡಿಯಿರಿ. ಧೈರ್ಯ ತೋರಿಸುವ ಜಾಗ ಇದಲ್ಲ.

ಗ್ಯಾಸ್ ತೆಗೆಯಬೇಕಾದರೆ ಹಾಗೇ ಗಾಳಿಗೆ ಬಿಡಬೇಡಿ. ಆರ್-134ಎ ಒಂದು ಕಿಲೋ ಹೊರಬಿದ್ದರೆ ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಬಿಸಿಮಾಡುವ ಶಕ್ತಿ ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ರಿಕವರಿ ಯಂತ್ರಕ್ಕೆ ಎಳೆದುಕೊಳ್ಳಿ, ಎಷ್ಟು ಗ್ರಾಂ ಬಂತೆಂದು ಬರೆದಿಡಿ. ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ 500 ಗ್ರಾಂ ಎಂದಿದ್ದು ಯಂತ್ರಕ್ಕೆ 320 ಬಂದರೆ, ಸ್ವಿಚ್ ಕೆಟ್ಟಿರುವುದು ನಿಜವೇ ಆದರೂ ಬೇರೆಲ್ಲೋ ಸೋರಿಕೆಯೂ ಇರಬಹುದು, ಹುಡುಕಿ. ಗ್ಯಾಸ್ ಜೊತೆ ಹೊರಬಂದ ಎಣ್ಣೆಯನ್ನೂ ಅಳೆದು ಅಷ್ಟೇ ಹೊಸ ಎಣ್ಣೆ ಹಾಕಬೇಕು. ಸ್ವಿಚ್ ಬಿಚ್ಚಿದ ತೂತನ್ನು ತೆರೆದಿಟ್ಟು ಬಿಡಿಭಾಗ ತರಲು ಹೋಗಬಾರದು. ಎಸಿಯ ಪಿಎಜಿ ಎಣ್ಣೆ ಗಾಳಿಯ ತೇವವನ್ನು ಬಹುಬೇಗ ಹೀರುತ್ತದೆ. ಹೊಸದು ಕೈಯಲ್ಲಿದ್ದ ಮೇಲೆ ಹಳೆಯದನ್ನು ಬಿಚ್ಚಿ. ಒಳಭಾಗ ದೀರ್ಘಕಾಲ ತೆರೆದುಕೊಂಡಿದ್ದರೆ ಡ್ರೈಯರ್ ಕೂಡ ಬದಲಿಸಬೇಕು.

ಓ-ರಿಂಗ್ ಹಳೆಯದನ್ನೇ ಮತ್ತೆ ಹಾಕುವುದು ಈ ಕೆಲಸದಲ್ಲಿ ನಡೆಯುವ ಅತ್ಯಂತ ಅಗ್ಗದ ಉಳಿತಾಯ, ಅತ್ಯಂತ ದುಬಾರಿ ತಪ್ಪು. ಹೊಸದೇ ಬೇಕು, ಎಸಿ ಗ್ಯಾಸಿಗೆಂದೇ ಮಾಡಿದ್ದು ಬೇಕು, ದಪ್ಪ ಮತ್ತು ವ್ಯಾಸ ಸರಿಯಾಗಿ ಹೊಂದಬೇಕು. ಪೆಟ್ಟಿಗೆಯಲ್ಲಿ ಸಿಕ್ಕ ನೀರಿನ ಪೈಪಿನ ರಿಂಗ್ ಎಸಿ ಎಣ್ಣೆಗೆ ತಾಳದೆ ಹಾಳಾಗಬಹುದು. ಹಾಕುವ ಮೊದಲು ಎಸಿ ಎಣ್ಣೆಯ ತೆಳು ಲೇಪ ಕೊಡಿ. ಒಣ ರಿಂಗ್ ಬಿಗಿಮಾಡುವಾಗ ತಿರುಚಿಕೊಂಡು ತುಂಡಾಗುತ್ತದೆ. ಮರೆಗೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಇಲ್ಲಿ ಸೀಲ್ ಆಗುವುದು ರಿಂಗ್, ಮರೆಯಲ್ಲ; ಟೇಪಿನ ಚೂರು ಒಳಗೆ ಹೋದರೆ ವಾಲ್ವ್ ಕಟ್ಟುತ್ತದೆ. ಮೊದಲು ಕೈಯಿಂದಲೇ ತಿರುಗಿಸಿ, ಮರೆ ಅಡ್ಡ ಹಿಡಿದಿಲ್ಲ ಎಂದು ಬೆರಳಿಗೆ ಗೊತ್ತಾದ ಮೇಲೆ ಟಾರ್ಕ್ ರೆಂಚ್ ಹಾಕಿ. ಬಹಳಷ್ಟು ಸ್ವಿಚ್ಚುಗಳಿಗೆ 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ನಿಖರ ಅಂಕಿ ಮ್ಯಾನುಯಲ್‌ನಲ್ಲಿರುತ್ತದೆ. ಬಲವಾಗಿ ಬಿಗಿದರೆ ಸೋರುವುದಿಲ್ಲ ಎಂಬ ನಂಬಿಕೆ ಅಲ್ಯೂಮಿನಿಯಂ ಮರೆಗೆ ಮಾರಕ.

ಒಳಭಾಗ ತೆರೆದಿದ್ದರೆ ವ್ಯಾಕ್ಯೂಮ್ (ಪಂಪಿನಿಂದ ಒಳಗಿನ ಗಾಳಿ ಎಳೆದು ಬರಿದು ಮಾಡುವುದು) ಕಡ್ಡಾಯ, ಕನಿಷ್ಠ 30 ನಿಮಿಷ, ತೇವದ ಹವೆಯಲ್ಲಿ ಇನ್ನೂ ಹೆಚ್ಚು. ಗಾಳಿಯನ್ನು ಎಳೆಯುವುದಷ್ಟೇ ಇದರ ಕೆಲಸವಲ್ಲ. ಒತ್ತಡ ತೀರಾ ಇಳಿದಾಗ ಒಳಗಿನ ನೀರು ಸಾಮಾನ್ಯ ತಾಪದಲ್ಲೇ ಕುದಿದು ಆವಿಯಾಗಿ ಹೊರಹೋಗುತ್ತದೆ, ಅದಕ್ಕೆ ಸಮಯ ಬೇಕು. ತೇವ ಉಳಿದರೆ ಎಕ್ಸ್‌ಪಾನ್ಶನ್ ವಾಲ್ವಿನಲ್ಲಿ ಮಂಜುಗಟ್ಟಿ ತಂಪು ಆಗಾಗ ನಿಂತುಹೋಗುತ್ತದೆ. ಎಣ್ಣೆಯ ಜೊತೆ ಸೇರಿ ಆಮ್ಲವಾಗಿ ಒಳಗಿನ ಲೋಹವನ್ನು ತಿನ್ನುತ್ತದೆ. ಪಂಪ್ ನಿಲ್ಲಿಸಿ ವಾಲ್ವ್ ಮುಚ್ಚಿ ಹದಿನೈದು ಇಪ್ಪತ್ತು ನಿಮಿಷ ಕಾಯಿರಿ. ಮುಳ್ಳು ಸ್ವಲ್ಪ ಸರಿದು ನಿಂತರೆ ತೇವ ಉಳಿದಿದೆ. ನಿಲ್ಲದೆ ಸರಿಯುತ್ತಲೇ ಇದ್ದರೆ ಲೀಕ್ ಇದೆ. ಆದರೂ ವ್ಯಾಕ್ಯೂಮ್ ನಿಂತಿತೆಂದು ಪೂರ್ತಿ ನಂಬಬೇಡಿ. ಹೊರಗಿನಿಂದ ಒಳಕ್ಕೆ ಬೀಳುವ ಒಂದು ವಾತಾವರಣದ ಒತ್ತಡಕ್ಕೆ ಸೋರದ ಜಾಗ 200 ಪಿಎಸ್‌ಐಗೆ ಸೋರಬಲ್ಲದು. ಅನುಮಾನ ಇದ್ದರೆ ಒಣ ನೈಟ್ರೋಜನ್ ತುಂಬಿ ನೋಡಿ. ಗ್ಯಾರೇಜಿನ ಏರ್ ಕಂಪ್ರೆಸರ್ ಗಾಳಿಯಿಂದ ಈ ಪರೀಕ್ಷೆ ಮಾಡಬಾರದು. ತೇವ ಒಳಗೆ ಹೋಗುತ್ತದೆ, ಮೇಲಾಗಿ ಒತ್ತಡದಲ್ಲಿ ಗಾಳಿಯೊಡನೆ ಬೆರೆತ ಆರ್-134ಎ ಹೊತ್ತಿಕೊಳ್ಳಬಲ್ಲದು.

ಗ್ಯಾಸ್ ತುಂಬುವುದು ತೂಕ ನೋಡಿಯೇ. ಗೇಜ್ ನೋಡಿ, ಪೈಪ್ ಮುಟ್ಟಿ ತಣ್ಣಗಾಯಿತೇ ಎಂದು ಅಂದಾಜಿನಲ್ಲಿ ತುಂಬುವ ಕಾಲ ಮುಗಿದಿದೆ. ಈಗಿನ ಸಣ್ಣ ಕಾರುಗಳು ತೆಳು ಕಂಡೆನ್ಸರ್‌ನೊಂದಿಗೆ 400–500 ಗ್ರಾಂನಲ್ಲೇ ಓಡುತ್ತವೆ. ಅಲ್ಲಿ 50 ಗ್ರಾಂ ಆಚೀಚೆಯಾದರೂ ವ್ಯತ್ಯಾಸ ಗೊತ್ತಾಗುತ್ತದೆ. ಇಂಜಿನ್ ಓಡುತ್ತಿರುವಾಗ ಗ್ಯಾಸಿನ ಡಬ್ಬಿ ಜೋಡಿಸಿ ಗೇಜಿನ ಕೆಂಪು ವಾಲ್ವ್ (ಹೆಚ್ಚಿನ ಒತ್ತಡದ ಕಡೆಯದು) ತೆರೆಯಬೇಡಿ, ಕಂಪ್ರೆಸರ್‌ನ ಒತ್ತಡ ಡಬ್ಬಿಗೆ ನುಗ್ಗಿ ಅದು ಸಿಡಿಯಬಹುದು. ಲೀಕ್ ಮುಚ್ಚುವ ದ್ರಾವಣಗಳ ಸಹವಾಸವೂ ಬೇಡ; ಅವು ವಾಲ್ವಿನಲ್ಲೂ ಮುಂದೆ ಬೇರೆಯವರ ರಿಕವರಿ ಯಂತ್ರದಲ್ಲೂ ಗಟ್ಟಿಯಾಗುತ್ತವೆ.

ತುಂಬಿದ ಮೇಲೆ ಲೀಕ್ ಡಿಟೆಕ್ಟರ್ ಮೂತಿಯನ್ನು ಸ್ವಿಚ್ಚಿನ ಕೆಳಬದಿಗೆ ಹಿಡಿದು ನೋಡಿ, ಗ್ಯಾಸ್ ಗಾಳಿಗಿಂತ ಭಾರ. ನಂತರ ಬ್ಲೋವರ್ ಪೂರ್ತಿ ಇಟ್ಟು, ಬಾಗಿಲು ತೆರೆದು, ಇಂಜಿನ್ ನಿಮಿಷಕ್ಕೆ 1,500 ಸುತ್ತಿನಲ್ಲಿ ಓಡಿಸಿ. ಹೊರಗೆ 30 ಡಿಗ್ರಿ ಇದ್ದರೆ ದಪ್ಪ ಪೈಪಿನ ಕಡೆ ಸುಮಾರು 30–45 ಪಿಎಸ್‌ಐ, ಸಣ್ಣ ಪೈಪಿನ ಕಡೆ 170–250ರೊಳಗೆ ಕಂಡರೆ ಸಮಾಧಾನಪಡಬಹುದು. ಫ್ಯಾನಿನ ವೇಗ ಬದಲಾಗುತ್ತದೆಯೇ, ಕೋಡ್ ಅಳಿಸಿದ ಮೇಲೆ ಮತ್ತೆ ಬರುತ್ತದೆಯೇ ಎಂಬುದನ್ನೂ ನೋಡಿ. ಸರ್ವಿಸ್ ಪೋರ್ಟಿನ ಮುಚ್ಚಳ ಹಾಕುವುದನ್ನು ಮರೆಯಬಾರದು, ಒಳಗಿನ ಪಿನ್ ಸೋರಿದರೆ ಅದನ್ನು ತಡೆಯುವುದು ಆ ಮುಚ್ಚಳವೇ.

ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳ ಬಗ್ಗೆ ಪ್ರತ್ಯೇಕ ಎಚ್ಚರ. ಅವುಗಳ ಕಂಪ್ರೆಸರ್ ಹೈ ವೋಲ್ಟೇಜ್ ಮೋಟರಿನಿಂದ ಓಡುತ್ತದೆ, ಎಣ್ಣೆ ಮೋಟರಿನ ಸುರುಳಿಗೇ ತಾಗಿರುತ್ತದೆ. ಅದಕ್ಕೆ ತಯಾರಕರು ಹೇಳಿದ, ಸಾಮಾನ್ಯವಾಗಿ ಪಿಒಇ, ಎಣ್ಣೆಯೇ ಬೇಕು. ಬೇರೆ ಕಾರಿಗೆ ಬಳಸಿದ ಹೋಸಿನಲ್ಲಿ ಉಳಿದ ಪಿಎಜಿ ಎಣ್ಣೆ ಸ್ವಲ್ಪ ಒಳಸೇರಿದರೂ ಇನ್ಸುಲೇಶನ್ ಕುಸಿದು ಕಾರು ತಾನಾಗಿ ಎಸಿಯನ್ನು ಬಂದ್ ಮಾಡುತ್ತದೆ. ಓ-ರಿಂಗ್‌ಗೆ ಹಚ್ಚುವ ಎಣ್ಣೆಗೂ ಈ ನಿಯಮ ಅನ್ವಯ. ಆರ್-1234ವೈಎಫ್ ಗ್ಯಾಸಿನ ಕಾರುಗಳಲ್ಲಿ ಪೋರ್ಟ್ ಬೇರೆ, ಯಂತ್ರ ಬೇರೆ. ಅದು ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸ್. ಅದರ ಜಾಗಕ್ಕೆ ಅಡಾಪ್ಟರ್ ಹಾಕಿ 134ಎ ತುಂಬುವುದು ಸರಿಯಲ್ಲ.

ಕಾರಿನ ಮಾಲೀಕರಲ್ಲಿ ನನ್ನ ವಿನಂತಿ: ಸ್ವಿಚ್ ಬದಲಿಸಬೇಕೆಂದು ಯಾರಾದರೂ ಹೇಳಿದರೆ, ನಿಂತ ಒತ್ತಡ ಎಷ್ಟಿತ್ತು, ಆಗ ಹೊರಗಿನ ತಾಪ ಎಷ್ಟಿತ್ತು ಎಂದು ಕೇಳಿ. ಕೆಲಸ ಮುಗಿದ ಮೇಲೆ ಬಿಲ್ಲಿನಲ್ಲಿ ನಾಲ್ಕು ಅಂಕಿ ಬರೆಸಿಕೊಳ್ಳಿ: ತೆಗೆದ ಗ್ಯಾಸಿನ ಗ್ರಾಂ, ತುಂಬಿದ ಗ್ರಾಂ, ಹಾಕಿದ ಎಣ್ಣೆಯ ಅಳತೆ, ವ್ಯಾಕ್ಯೂಮ್ ಹಿಡಿದಿಟ್ಟ ನಿಮಿಷ. ಶ್ರೇಡರ್ ವಾಲ್ವ್ ಇದ್ದು ಗ್ಯಾಸ್ ತೆಗೆಯದೆ ಬದಲಿಸಿದ್ದರೆ ಅದನ್ನೂ ಬರೆಸಿ. ಮುಂದಿನ ಸಲ ತಂಪು ಕಡಿಮೆಯಾದಾಗ ಬಾನೆಟ್ ಎತ್ತುವ ಮೆಕ್ಯಾನಿಕ್‌ಗೆ ಆ ಬಿಲ್ ತೋರಿಸಿದರೆ ಎಷ್ಟು ಗ್ರಾಂ ಎಷ್ಟು ದಿನದಲ್ಲಿ ಹೋಗಿದೆ ಎಂಬ ಲೆಕ್ಕದಿಂದಲೇ ಅವರು ಹುಡುಕಾಟ ಶುರುಮಾಡಬಹುದು.

ಇತಿ ತಮ್ಮ ವಿಶ್ವಾಸಿ,
ಒಬ್ಬ ವಾಹನ ಎಸಿ ತಂತ್ರಜ್ಞ